ಕರು ಹೊತ್ತುಕೊಂಡು ಹೋದ ವರದಿ

ಈ ಬೆಳಿಗ್ಗೆ ಬಿಸಿಲು ಬಂತು. ಊಟಿಯಲ್ಲಿ ಬಿಸಿಲು ಬಂದರೆ ನಾವೆಲ್ಲ ಮನೆಯಲ್ಲಿ ಇದ್ದಬದ್ದದ್ದನ್ನು ಹೊತ್ತು ಅಂಗಳಕ್ಕೆ ಓಡುತ್ತೇವೆ. ಹಾಸಿಗೆ, ಕಂಬಳಿ, ಹುರುಳಿ, ವಯಸ್ಸಾದವರು, ಯಾವುದನ್ನೂ ಒಳಗೆ ಬಿಡುವುದಿಲ್ಲ. ನಾನು ನನ್ನ ಉಣ್ಣೆ ಕೋಟನ್ನು ಹಗ್ಗದ ಮೇಲೆ ಹಾಕುವ ಮೊದಲು ಜೇಬು ಕೊಡವಿದೆ. ಅರ್ಧ ಹರಿದ ಟಿಕೆಟ್ಟೊಂದು ಕೆಳಗೆ ಬಿತ್ತು. ನೆಗಡಿಗೆಂದು ಕರವಸ್ತ್ರಕ್ಕೆ ಹಾಕಿಕೊಂಡಿದ್ದ ನೀಲಗಿರಿ ಎಣ್ಣೆಯ ವಾಸನೆ ಅದಕ್ಕೂ ಹತ್ತಿತ್ತು. ಬಗ್ಗಿ ಎತ್ತಿಕೊಂಡೆ. ಮೂಸಿದೆ. ಒಬ್ಬನೇ ನಕ್ಕೆ. ನನ್ನ ಹೆಂಡತಿ ಕಿಟಕಿಯಿಂದ ನೋಡಿ, "ಏನು, ಬಿಸಿಲಿಗೆ ತಲೆ ಕಾಯಿತೆ?" ಎಂದಳು. ಅವಳಿಗೆ ಆಮೇಲೆ ಹೇಳುತ್ತೇನೆ. ಮೊದಲು ನಿಮಗೆ ಹೇಳುತ್ತೇನೆ. ನೀವು ನಡುವೆ ಬಾಯಿ ಹಾಕುವುದಿಲ್ಲ.

ಹೋದ ವಾರ ನಾನೂ ನಂಜಗೌಡನೂ ಮಧ್ಯಾಹ್ನದ ಆಟಕ್ಕೆ ಸಿನಿಮಾ ನೋಡಲು ಹೋಗಿದ್ದೆವು. ನಂಜ ಬಡಗರವನು, ಈ ಬೆಟ್ಟದ ಬೇಸಾಯದ ಜನ. ಮಂಜೂರಿನ ಕಡೆಗೆ ಇಳಿಯುವ ದಾರಿಯಲ್ಲಿ ಅವನ ಹಟ್ಟಿ, ಅವರು ಊರಿಗೆ ಹಾಗೆನ್ನುತ್ತಾರೆ. ಆಲೂಗಡ್ಡೆ ಬೆಳೆಯುತ್ತಾನೆ, ಈಚೆಗೆ ಒಂದಿಷ್ಟು ಟೀ ಗಿಡವನ್ನೂ ಹಾಕಿದ್ದಾನೆ. ಇಪ್ಪತ್ತು ವರ್ಷಕ್ಕೂ ಮೇಲಾಯಿತು ನಮ್ಮ ಸ್ನೇಹಕ್ಕೆ. ಅವನು ಮಾತಾಡುವ ಸಿನಿಮಾ ನೋಡಿರಲಿಲ್ಲ. ನೋಡಬೇಕು ಎಂದು ಹಟ ಹಿಡಿದ. ಬಂದದ್ದು ಇಂಗ್ಲಿಷ್ ಚಿತ್ರ, ಕೊಲೆಯ ಕತೆ. ನನಗೆ ಬರುವ ಇಂಗ್ಲಿಷಿನಲ್ಲಿ ಅರ್ಧ ಅರ್ಥ ಮಾಡಿಕೊಂಡು, ಉಳಿದರ್ಧ ಕಟ್ಟಿ, ಅವನ ಕಿವಿಯಲ್ಲಿ ಪಿಸುಗುಟ್ಟುತ್ತಾ ಕೂತೆ. ಅರ್ಧ ತಿಳಿದು ಅರ್ಧ ಕಟ್ಟುವುದು ನನಗೆ ಹೊಸ ಕಸುಬೇನಲ್ಲ. ಅದು ನಿಮಗೇ ಗೊತ್ತಾಗುತ್ತದೆ.

ಆ ಚಿತ್ರದ ನಾಯಕ ಪತ್ರಿಕೆಯವನು. ಹ್ಯಾಟು ತಲೆಯ ಹಿಂಭಾಗದಲ್ಲಿ, ಬಾಯಲ್ಲಿ ಸದಾ ಸಿಗರೇಟು. ಕುಡಿಯುತ್ತಾನೆ, ಸುಳ್ಳು ಹೇಳುತ್ತಾನೆ, ಕಂಡವರ ಮೇಜಿನ ಕಾಗದವನ್ನು ತಲೆಕೆಳಗಾಗಿಯೇ ಓದುತ್ತಾನೆ. ಒಬ್ಬ ಸಾಹುಕಾರನ ಕೊಲೆಯಾಗುತ್ತದೆ. ಇವನು ತೋಟಗಾರನೇ ಕೊಲೆಗಾರ ಎಂದು ಬರೆದುಬಿಡುತ್ತಾನೆ. ತೋಟಗಾರನನ್ನು ಹಿಡಿದೊಯ್ಯುತ್ತಾರೆ, ಅವನ ಮನೆಗೆ ಜನ ಕಲ್ಲು ಹೊಡೆಯುತ್ತಾರೆ. ಆಮೇಲೆ ನಮ್ಮ ನಾಯಕನಿಗೆ ಬುದ್ಧಿ ಬಂದು, ಕಾರು ಓಡಿಸಿ, ಗುಂಡು ತಪ್ಪಿಸಿಕೊಂಡು, ನಿಜವಾದ ಕೊಲೆಗಾರ ಸಾಹುಕಾರನ ವಕೀಲನೇ ಎಂದು ಹಿಡಿಯುತ್ತಾನೆ. ಎಲ್ಲರೂ ಅವನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ಮುಂದಿನ ಕುರ್ಚಿಯ ಸೋಲ್ಜರುಗಳು ಸೀಟಿ ಹಾಕಿದರು. ನಾನು ಚಪ್ಪಾಳೆ ತಟ್ಟಲಿಲ್ಲ.

ಏಕೆಂದರೆ, ನೋಡಿ, ನಾನೂ ಒಂದು ಕಾಲದಲ್ಲಿ ಪತ್ರಿಕೆಯವನು.

ನಮ್ಮೂರು ಗುಂಡ್ಲುಪೇಟೆಯ ಕಡೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಊಟಿಗೆ ಬಂದು ಸೋದರಮಾವನ ಮಂಡಿಯಲ್ಲಿ ಬರವಣಿಗೆಗೆ ಕೂತೆ. ಆಲೂಗಡ್ಡೆ ಮೂಟೆ ಎಣಿಸುವುದು ನನ್ನ ಹೊಟ್ಟೆಪಾಡು. ಆದರೆ ನನ್ನ ಮನಸ್ಸಿನಲ್ಲಿ ನಾನು ಮೈಸೂರಿನ ಒಂದು ವಾರಪತ್ರಿಕೆಯ ನೀಲಗಿರಿ ಬಾತ್ಮೀದಾರ. ಆ ಪತ್ರಿಕೆಯ ಸಂಪಾದಕರಿಗೆ ನಾನೇ ಕಾಗದ ಬರೆದು, ನನ್ನನ್ನು ನಾನೇ ನೇಮಿಸಿಕೊಂಡಿದ್ದೆ. ಅವರು ಬೇಡ ಅನ್ನಲಿಲ್ಲ. ಮಳೆ, ಬೆಲೆ, ಗವರ್ನರ ಸವಾರಿ ಇಷ್ಟನ್ನು ಬರೆದರೆ ಹಾಕುತ್ತಿದ್ದರು. ಅದು ನನಗೆ ಸಾಲದು. ಒಮ್ಮೆ ಮಾರ್ಕೆಟ್ಟಿಗೆ ಹುಲಿ ನುಗ್ಗಿತೆಂದು ಬರೆದೆ. ಅದು ಒಬ್ಬ ಇಂಗ್ಲಿಷ್ ದೊರೆಯ ನಾಯಿಯಾಗಿತ್ತು. ದೊಡ್ಡ ನಾಯಿಯೇ, ಪಟ್ಟೆಯೂ ಇತ್ತು. ಆದರೂ ನಾಯಿ ನಾಯಿಯೇ. ಸಂಪಾದಕರು ಕ್ಷಮಾಪಣೆ ಅಚ್ಚು ಹಾಕಬೇಕಾಯಿತು. ನಾನು ಒಂದು ತಿಂಗಳು ತಲೆ ಎತ್ತಲಿಲ್ಲ, ಎರಡನೆಯ ತಿಂಗಳು ಎತ್ತಿದೆ.

ಆ ವರ್ಷ ಸಿದ್ದಯ್ಯ ಕಾಣೆಯಾದ. ಸಿದ್ದಯ್ಯ ನಮ್ಮ ಕಡೆಯ ಬಳೆಗಾರ. ಪ್ರತಿವರ್ಷ ಬಳೆ ಪೋಣಿಸಿದ ಮಲಾರ ಹೆಗಲಿಗೆ ಹಾಕಿಕೊಂಡು ಘಾಟಿ ಹತ್ತಿ ಬಂದು, ಹಟ್ಟಿ ಹಟ್ಟಿ ತಿರುಗಿ ಬಳೆ ತೊಡಿಸಿ, ಮಳೆಗೆ ಮುಂಚೆ ಇಳಿದುಹೋಗುವವನು. ಆ ಸಲ ಇಳಿಯಲಿಲ್ಲ. ಅವನ ಹೆಂಡತಿ ಯಾರಿಂದಲೋ ಬರೆಸಿದ ಕಾಗದ ಮಾವನ ಮಂಡಿಗೆ ಬಂತು. ಪೋಲೀಸಿನವರು, ಬರುತ್ತಾನೆ ಬಿಡಿ, ಅಂದರು. ಮಾವ ಮರುಗಿದರು. ನಾನು? ನಿಜ ಹೇಳಿದರೆ ನಿಮಗೆ ನನ್ನ ಮೇಲೆ ಅಸಹ್ಯವಾಗಬಹುದು. ನನಗೆ ಉತ್ಸಾಹವಾಯಿತು. ಕಡೆಗೂ ಒಂದು ಒಳ್ಳೆಯ ಕೊಲೆ ಸಿಕ್ಕಿತು ಎಂದುಕೊಂಡೆ.

ನೋಟುಬುಕ್ಕು ಹಿಡಿದು ಹೊರಟೆ. ಕೇಳುತ್ತ ಕೇಳುತ್ತ ಹೋದರೆ, ಸಿದ್ದಯ್ಯ ಕೊನೆಯ ರಾತ್ರಿ ಮಲಗಿದ್ದು ನಂಜನ ಮನೆಯ ಜಗುಲಿಯಲ್ಲಿ. ನಂಜನ ಪರಿಚಯ ಆಗಲೇ ಇತ್ತು. ನಮ್ಮ ಮಂಡಿಗೇ ಅವನು ಆಲೂಗಡ್ಡೆ ಹಾಕುತ್ತಿದ್ದದ್ದು. ಅವನ ತಂದೆ ಮಾದಗೌಡರು ಕಾಯಿಲೆಯಲ್ಲಿ ಮಲಗಿದ್ದರು. ದೊಡ್ಡ ಆಳು, ಹಾಸಿಗೆಯಲ್ಲಿ ಕರಗಿಹೋಗಿದ್ದರು. ಆದರೂ ನನ್ನನ್ನು ಕಂಡು ಸೊಸೆಯನ್ನು ಕರೆದು, ಇವನಿಗೆ ಮೊದಲು ಊಟ ಕೊಡು, ಮಾತು ಆಮೇಲೆ, ಎಂದರು. ಊಟವಾದ ಮೇಲೆ ಕೇಳಿದೆ. "ಬಳೆಕಾರನಾ? ದಾರಿ ತೋರಿಸಿ ಕಳಿಸಿದೆ" ಎಂದರು. ಅಷ್ಟೇ. ಕಣ್ಣು ಮುಚ್ಚಿದರು. ನಾನು ಆ ಮಾತನ್ನು ಬರೆದುಕೊಂಡು ಕೆಳಗೆ ಗೆರೆ ಎಳೆದೆ.

ವಾರದೊಳಗೆ ಮಾದಗೌಡರು ತೀರಿಕೊಂಡರು. ಸಾವಿಗೆ ನಾನು ಹೋದೆ. ಊಟಿಯ ಪೇಟೆಯಿಂದ ಅಷ್ಟು ದೂರ ನಡೆದು ಹೋದವನು ನಾನೊಬ್ಬನೇ. ಹೋದದ್ದು ಯಾಕೆಂದು ನಿಮಗೆ ಗೊತ್ತು, ಅವರಿಗೆ ಗೊತ್ತಿರಲಿಲ್ಲ.

ಬಡಗರ ಸಾವನ್ನು ನೀವು ನೋಡಿದ್ದೀರೋ ಇಲ್ಲವೋ. ಮಂಚದ ಮೇಲೆ ಬಟ್ಟೆಯ ಗೋಪುರ ಕಟ್ಟಿರುತ್ತಾರೆ. ಸುತ್ತ ವಾದ್ಯ, ಹೆಣ್ಣುಮಕ್ಕಳ ಅಳು, ಹತ್ತು ಹಟ್ಟಿಯ ಜನ. ಕೊನೆಗೆ ಸುಡುವ ಜಾಗದ ಬಳಿ ಒಂದು ಎಳೆಗರುವನ್ನು ತಂದು ನಿಲ್ಲಿಸಿದರು. ಒಬ್ಬ ಹಿರಿಯರು ಮುಂದೆ ಬಂದು, ಸತ್ತವರ ಹೆಸರು ಹಿಡಿದು, ಗಟ್ಟಿಯಾಗಿ ಹೇಳತೊಡಗಿದರು. ಹಾವು ಕೊಂದ. ಗಡಿಯ ಕಲ್ಲು ಸರಿಸಿದ. ಚಳಿಗೆ ನಡುಗಿ ಬಂದವನಿಗೆ ಬೆಂಕಿ ಕೊಡಲಿಲ್ಲ. ಒಂದೊಂದಕ್ಕೂ ಸುತ್ತ ನಿಂತ ಜನವೆಲ್ಲ ಒಂದೇ ದನಿಯಲ್ಲಿ, "ಅದು ಪಾಪ" ಎನ್ನುತ್ತಿದ್ದರು. ನನ್ನ ಕಿವಿ ನೆಟ್ಟಗಾಯಿತು. ಮತ್ತೊಬ್ಬರ ಊಟಕ್ಕೆ ವಿಷ ಬೆರೆಸಿದ. ಅದು ಪಾಪ. ಇಲ್ಲದ್ದನ್ನು ಇದೆ ಎಂದ. ಅದು ಪಾಪ. ದಾರಿ ಕೇಳಿದವನಿಗೆ ತಪ್ಪು ದಾರಿ ತೋರಿದ.

"ಅದು ಪಾಪ!"

ನನ್ನ ಪೆನ್ಸಿಲಿನ ಮೊನೆ ಮುರಿಯಿತು.

ಒಬ್ಬ ದೊರೆ ಅಲ್ಲಿ ನಿಂತಿದ್ದರೆ ಅವನಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಪಕ್ಕದವರನ್ನು ಕೇಳುತ್ತಿದ್ದ, ಅವರು ಬಿಡಿಸಿ ಹೇಳುತ್ತಿದ್ದರು. ನನಗೆ ಯಾರನ್ನೂ ಕೇಳುವ ಪ್ರಮೇಯ ಬರಲಿಲ್ಲ. ಬಡಗರ ಮಾತು ನಮ್ಮ ಮಾತಿನ ಅಕ್ಕತಂಗಿ. ಒಂದೊಂದು ಶಬ್ದವೂ ನನಗೆ ಅರ್ಥವಾಯಿತು. ಅರ್ಥವಾದದ್ದೇ ಕೆಟ್ಟದ್ದು. ದಾರಿ ತೋರಿಸಿದೆ ಎಂದು ಸತ್ತವರೇ ಹೇಳಿದ್ದಾರೆ. ತಪ್ಪು ದಾರಿ ಎಂದು ಹತ್ತು ಹಟ್ಟಿಯ ಜನ ಸಾಕ್ಷಿ ಹೇಳುತ್ತಿದ್ದಾರೆ. ವಿಷವೂ ಹೊರಬಿತ್ತು. ಇನ್ನೇನು ಬೇಕು?

ಮರುದಿನ ಕೂತು ಎಂಟು ಪುಟ ಬರೆದೆ. "ಬಳೆಗಾರನ ಕೊಲೆ: ಹೆಣದ ಮುಂದೆ ಹೊರಬಿದ್ದ ಗುಟ್ಟು". ಮಾದಗೌಡರ ಹೆಸರು, ಹಟ್ಟಿಯ ಹೆಸರು, ಮಗ ನಂಜನ ಹೆಸರು, ಎಲ್ಲವನ್ನೂ ಹಾಕಿದೆ. ಮಗನಿಗೆ ತಿಳಿಯದೆ ಇದು ನಡೆದಿರಲು ಸಾಧ್ಯವೇ ಎಂದು ಕೊನೆಯಲ್ಲೊಂದು ಪ್ರಶ್ನೆಯನ್ನೂ ಚುಚ್ಚಿದೆ. ಆ ಪ್ರಶ್ನೆ ಬಹಳ ಚೆನ್ನಾಗಿ ಬಂದಿದೆ ಎಂದು ನನಗೆ ನಾನೇ ಎರಡು ಸಲ ಓದಿಕೊಂಡೆ. ಸೋಮವಾರ ಟಪ್ಪಾಲಿಗೆ ಹಾಕಿದೆ. ಪತ್ರಿಕೆ ಅಚ್ಚಾಗುವುದು ಶುಕ್ರವಾರ.

ಬುಧವಾರ ಪಕ್ಕದ ಹಟ್ಟಿಯಲ್ಲಿ ಒಬ್ಬ ಹೆತ್ತೆ, ಎಂದರೆ ಅಜ್ಜಿ, ತೀರಿಕೊಂಡಳು. ಇನ್ನಷ್ಟು ಸಾಕ್ಷಿ ಸಿಕ್ಕೀತೆಂದು ಅಲ್ಲಿಗೂ ಹೋದೆ. ಮತ್ತೆ ಕರು ಬಂತು. ಮತ್ತೆ ಹಿರಿಯರು ಮುಂದೆ ನಿಂತರು. ಹಾವು ಕೊಂದಳು. ಗಡಿಯ ಕಲ್ಲು ಸರಿಸಿದಳು. ಅದು ಪಾಪ. ಊಟಕ್ಕೆ ವಿಷ ಬೆರೆಸಿದಳು. ಅದು ಪಾಪ. ದಾರಿ ಕೇಳಿದವನಿಗೆ ತಪ್ಪು ದಾರಿ ತೋರಿದಳು.

ನನ್ನ ಪಕ್ಕ ಕೋಲೂರಿ ನಿಂತಿದ್ದ ಮುದುಕನನ್ನು ಮೆಲ್ಲಗೆ ಕೇಳಿದೆ. "ಈ ಅಜ್ಜಿ ಯಾವ ಗಡಿಯ ಕಲ್ಲು ಕಿತ್ತಿದ್ದರು?"

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಅವರ ಮಾತಿನ ದನಿ ನನ್ನ ಲೇಖನಿಗೆ ಪೂರ್ತಿ ಹಿಡಿಸುವುದಿಲ್ಲ, ಬಂದಷ್ಟು ಬರೆಯುತ್ತೇನೆ. "ಇವಳು ಏನ ಕಿತ್ತಾಳು? ಹದಿನೈದು ವರುಷ ಕಣ್ಣು ಕಾಣಲಿಲ್ಲೆ, ಒಲೆ ಬಿಟ್ಟು ಎದ್ದವಳಲ್ಲ. ಇದು ಇವಳದು ಅಲ್ಲ. ಎಂಗ ಎಲ್ಲರದು. ಹಿಂದೆ ಹೋದವರದು, ಮುಂದೆ ಬರುವವರದು. ಯಾರೇ ಹೋಗಲಿ, ಎಲ್ಲರದೂ ಹೇಳಿ ಕರುವಿನ ಮೇಲೆ ಹಾಕಿ ಬಿಡೋದು. ಕರು ಹೊತ್ತುಕೊಂಡು ಹೋಗುತ್ತೆ. ಆ ಕರುವ ಆಮೇಲೆ ಯಾರೂ ಕಟ್ಟೋದಿಲ್ಲೆ, ಕೆಲಸಕ್ಕೆ ಹೂಡೋದಿಲ್ಲೆ."

ಕರುವಿನ ಹಗ್ಗ ಬಿಚ್ಚಿದರು. ಅದು ಒಂದು ಕ್ಷಣ ಎಲ್ಲರ ಮುಖ ನೋಡಿ, ಬಾಲ ಎತ್ತಿ ಹುಲ್ಲಿನ ಇಳಿಜಾರಿನಲ್ಲಿ ಓಡಿತು. ನಾನೂ ಓಡಿದೆ, ಊಟಿಯ ಕಡೆಗೆ.

ಆ ದಾರಿಯನ್ನು ನೆನೆದರೆ ಇವತ್ತಿಗೂ ನನ್ನ ಮೊಣಕಾಲು ನೋಯುತ್ತದೆ. ತಂತಿ ಆಫೀಸಿನ ಮೆಟ್ಟಿಲ ಹತ್ತಿರ ಬಂದವನು ಒಳಗೆ ಹೋಗಬೇಕಲ್ಲ, ಹೋಗಲಿಲ್ಲ. ಹೊರಗೆ ನಿಂತೆ. ಆಗಲೇ ಹುಲಿ, ಅದರ ಮೇಲೆ ಇದು. ಇನ್ನೊಂದು ಸುಳ್ಳು ಎಂದು ನಾನೇ ತಂತಿ ಕೊಟ್ಟರೆ ನನ್ನ ಬಾತ್ಮೀದಾರಿಕೆಗೆ ಅಲ್ಲಿಗೇ ತಿಲಾಂಜಲಿ. ಯಾರಿಗೆ ಗೊತ್ತು, ಸಿದ್ದಯ್ಯ ನಿಜವಾಗಿಯೂ ಸತ್ತೇ ಇರಬಹುದು. ಮಾದಗೌಡರು ಹೇಗೂ ಇಲ್ಲ. ಹೀಗೆಲ್ಲ ಯೋಚಿಸಿದೆ. ಯೋಚಿಸಿದ್ದನ್ನು ಮುಚ್ಚಿಡುವುದಿಲ್ಲ. ಆಗ "ಇವನಿಗೆ ಮೊದಲು ಊಟ ಕೊಡು" ಎಂದ ಆ ಮುಖ ಕಣ್ಣಿಗೆ ಕಟ್ಟಿತು. ಒಳಗೆ ಹೋದೆ.

ತಂತಿ ಮಾಸ್ತರು, ಕೊಲೆಯ ಸುದ್ದಿ ಹಾಕಬೇಡಿ ಎಂದು ನಾನು ಬರೆದುಕೊಟ್ಟದ್ದನ್ನು ಓದಿ ಕನ್ನಡಕದ ಮೇಲಿನಿಂದ ನೋಡಿದರು. "ಕೊಲೆಯಾದದ್ದು ಯಾರು?" ಎಂದು ತಮಿಳಿನಲ್ಲಿ ಕೇಳಿದರು.

"ಯಾರೂ ಇಲ್ಲ ಸಾರ್. ಅದೇ ಸುದ್ದಿ" ಎಂದೆ.

ಗುರುವಾರ ಉತ್ತರ ಬರಲಿಲ್ಲ. ಶುಕ್ರವಾರ ಬರಲಿಲ್ಲ. ಶನಿವಾರ ಬಂದವನು ನಂಜ. ತಲೆ ಬೋಳಿಸಿಕೊಂಡಿದ್ದ. ಎಲೆಯಲ್ಲಿ ಸುತ್ತಿದ ಬೆಣ್ಣೆ ತಂದು ನನ್ನ ಮುಂದಿಟ್ಟು ಮೂಟೆಯ ಮೇಲೆ ಕೂತ. "ಅಣ್ಣ, ಪೇಟೆಯಿಂದ ಅಪ್ಪನ ಸಾವಿಗೆ ಬಂದವ ನೀ ಒಬ್ಬನೇ. ಎಂಗ ಹಟ್ಟಿಯವರೆಲ್ಲ ಅದನ್ನೇ ಹೇಳುತ್ತಾರೆ" ಎಂದ. ಆಮೇಲೆ, "ನೀ ಪೇಪರಿಗೆ ಬರೆಯೋವ. ಅಪ್ಪನ ಮೇಲೆ ನಾಕು ಸಾಲು ಬರೆಯುವೆಯಾ?" ಎಂದು ಕೇಳಿದ.

ನಾನು ಎಂಟು ಪುಟ ಬರೆದಿದ್ದೆ.

ಹೂಂ ಎಂದೆ. ಆ ಬೆಣ್ಣೆಯನ್ನು ಮಾವ ರೊಟ್ಟಿಗೆ ಹಚ್ಚಿಕೊಂಡು ಹೊಗಳಿ ಹೊಗಳಿ ತಿಂದರು. ನನಗೆ ಅದರ ವಾಸನೆಯೇ ಸೇರಲಿಲ್ಲ. ಎರಡು ದಿನ ಬೀದಿಯಲ್ಲಿ ಕೆಂಪು ಪೇಟ ಕಂಡರೆ ಸಾಕು, ನಂಜನನ್ನು ಹಿಡಿಯಲು ಹೊರಟ ಪೋಲೀಸಿನವನೇ ಎಂದುಕೊಳ್ಳುತ್ತಿದ್ದೆ.

ಸೋಮವಾರ ಪತ್ರಿಕೆ ಬಂತು. ಸುತ್ತಿದ ಕಾಗದ ಹರಿಯುವ ಧೈರ್ಯ ನನಗೆ ಬರಲಿಲ್ಲ. ಮಾವ ಹರಿದರು. ಅವರಿಗೆ ಪತ್ರಿಕೆಯನ್ನು ಮೊದಲ ಮೂಲೆಯಿಂದ ಕೊನೆಯ ಮೂಲೆಯವರೆಗೆ ಗಟ್ಟಿಯಾಗಿ ಓದುವ ಚಾಳಿ. ಅರಮನೆಯ ಸುದ್ದಿ ಓದಿದರು. ರಾಗಿಯ ಧಾರಣೆ ಓದಿದರು. ಒಂದು ಉಪನಯನ, ಒಂದು ವರ್ಗಾವಣೆ, ಕೂದಲೆಣ್ಣೆಯ ಜಾಹೀರಾತು, ಎಲ್ಲವನ್ನೂ ಓದಿ ಮಡಿಸಿ, "ಈ ಸಲ ನಿನ್ನದು ಏನೂ ಇಲ್ಲವಲ್ಲೋ" ಎಂದರು, ಪಾಪ, ನನಗಾಗಿ ಬೇಸರಪಟ್ಟು. ನಾನು ಎದ್ದು ಗೋದಾಮಿನ ಹಿಂದೆ ಹೋಗಿ ಗೋಡೆಗೆ ಒರಗಿ ಅತ್ತೆ. ಅಷ್ಟು ಸುಖವಾದ ಅಳು ನನ್ನ ಬಾಳಿನಲ್ಲಿ ಮತ್ತೆ ಬಂದಿಲ್ಲ.

ಮರುದಿನ ಸಂಪಾದಕರ ಕಾರ್ಡು ಬಂತು. "ನಿಮ್ಮ ತಂತಿ ಮುಟ್ಟಿತು. ಅದು ಬರುವುದಕ್ಕೆ ಮುಂಚೆಯೇ ನಿಮ್ಮ ಎಂಟು ಪುಟ ಒಲೆ ಸೇರಿತ್ತು. ಹುಲಿಯ ಪ್ರಕರಣವಾದ ಮೇಲೆ ನೀವು ಕಳಿಸುವ ಪ್ರಾಣಿಯನ್ನಾಗಲಿ ಮನುಷ್ಯನನ್ನಾಗಲಿ ನಾನು ವಿಚಾರಿಸದೆ ಹಾಕುವುದಿಲ್ಲ. ಆದರೂ ತಂತಿ ಕೊಟ್ಟಿರಿ, ಅದು ಒಳ್ಳೆಯದು." ಒಬ್ಬ ಮರ್ಯಾದಸ್ಥನ ಹೆಸರನ್ನು ಉಳಿಸಿದ್ದು ನನ್ನ ಪಶ್ಚಾತ್ತಾಪವಲ್ಲ, ನನ್ನ ಅಪಖ್ಯಾತಿ. ಸುಳ್ಳುಗಾರ ಎಂಬ ಹೆಸರು ಒಮ್ಮೊಮ್ಮೆ ಹೀಗೂ ಉಪಕಾರಕ್ಕೆ ಬರುತ್ತದೆ.

ಇನ್ನೂ ಒಂದು ವಾರಕ್ಕೆ, ನಂಬುತ್ತೀರೋ ಇಲ್ಲವೋ, ಸಿದ್ದಯ್ಯ ಮಂಡಿಯ ಬಾಗಿಲಲ್ಲಿ ನಿಂತಿದ್ದ. ಅರ್ಧ ಆಳಾಗಿದ್ದ. ಮಸಿನಗುಡಿಯ ಬಳಿ ಚಳಿಜ್ವರ ಹಿಡಿದು, ಮೋಯಾರಿನ ಕಡೆ ದನ ಮೇಯಿಸುವವರ ಹಟ್ಟಿಯಲ್ಲಿ ಪ್ರಜ್ಞೆ ಇಲ್ಲದೆ ಬಿದ್ದಿದ್ದನಂತೆ. ಅವರೇ ಗಂಜಿ ಕುಡಿಸಿ ಬದುಕಿಸಿದರಂತೆ. "ಮಾದಗೌಡರು ಬಡಕೊಂಡರು ಬುದ್ಧಿ, ಈ ತಿಂಗಳು ಮಸಿನಗುಡಿ ಕಡೆ ಇಳೀಬೇಡ, ಜ್ವರ ಐತೆ, ಗೂಡಲೂರು ತೊರಪಳ್ಳಿ ಮೇಲೆ ಹೋಗು ಅಂತ. ದಾರಿ ತೋರಿಸೋಕೆ ಅಷ್ಟು ದೂರ ಜೊತೆಗೂ ಬಂದ್ರು. ನಾನೇ ಹತ್ತಿರ ಆಯ್ತದೆ ಅಂತ ಅವರು ಮರೆಯಾದ ಮೇಲೆ ಈ ಕಡೆ ತಿರುಗಿದೆ" ಎಂದ. ಮಾದಗೌಡರು ಕಾಯಿಲೆಯ ಮೈಯಲ್ಲಿ, ಯಾವನೋ ಬಳೆಗಾರನಿಗೆ ಸರಿಯಾದ ದಾರಿ ತೋರಿಸಲು ನಡೆದು ಹೋಗಿದ್ದರು.

ಆ ರಾತ್ರಿಯೇ ನಾಲ್ಕು ಸಾಲು ಬರೆದೆ. ಅದರಲ್ಲಿ ಸುಳ್ಳಿಗೆ ಜಾಗವಿರಲಿಲ್ಲ, ಗುಣವಾಚಕಕ್ಕೂ ಇರಲಿಲ್ಲ. ಸಂಪಾದಕರು ವಿಚಾರಿಸಿ, ಅಚ್ಚು ಹಾಕಿದರು. ನಾನು ಪತ್ರಿಕೆಗೆ ಬರೆದದ್ದು ಅದೇ ಕೊನೆ.

ನಂಜ ಆ ತುಣುಕನ್ನು ಕತ್ತರಿಸಿ, ಗಂಜಿ ಹಚ್ಚಿ, ತನ್ನ ಮನೆಯ ಒಳಕೋಣೆಯ ಗೋಡೆಗೆ ಅಂಟಿಸಿದ. ಅವನಿಗೆ ಓದು ಬಾರದು. ಹೋದಾಗಲೆಲ್ಲ ಅದರ ಎದುರಿಗೇ ಚಾಪೆ ಹಾಸುತ್ತಿದ್ದ. ನಾನು ಏನಾದರೂ ನೆಪ ತೆಗೆದು ಅದಕ್ಕೆ ಬೆನ್ನು ಮಾಡಿ ಕೂರುತ್ತಿದ್ದೆ. ಓದು ಎಂದರೆ, ಕನ್ನಡಕ ಮರೆತು ಬಂದೆ ಎನ್ನುತ್ತಿದ್ದೆ. ನನಗೆ ಕನ್ನಡಕವೇ ಇರಲಿಲ್ಲ. ಹೇಳಿಬಿಡಬೇಕು ಎಂದು ಎಷ್ಟೋ ಸಲ ಬಾಯಿ ತೆರೆದೆ. ಈ ಸ್ನೇಹ ಇಲ್ಲಿಗೆ ಮುಗಿಯುತ್ತದೆ ಎಂಬ ಭಯಕ್ಕೆ ಮತ್ತೆ ಮುಚ್ಚಿದೆ. ಹೀಗೆ ಇಪ್ಪತ್ತು ವರ್ಷ.

ಸಿನಿಮಾ ಮುಗಿದು ಹೊರಗೆ ಬಂದೆವು. ಬಿಳಿ ಬೆಳಕು, ಸಣ್ಣ ಮಂಜು. ನಂಜ ಕಂಬಳಿ ಸರಿಮಾಡಿಕೊಂಡು ಯೋಚಿಸುತ್ತ ನಿಂತ.

"ಅಣ್ಣ, ಆ ತೋಟಗಾರ ಏನಾದ?"

"ಯಾವ ತೋಟಗಾರ?"

"ಮೊದಲು ಹಿಡಿದರಲ್ಲ. ಮನೆಗೆ ಕಲ್ಲು ಹೊಡೆದರಲ್ಲ. ಆಮೇಲೆ ಅವನ ತೋರಿಸಲೇ ಇಲ್ಲೆ."

ನಿಜ, ತೋರಿಸಿರಲಿಲ್ಲ. ಅಷ್ಟು ಜನರಲ್ಲಿ ಅದನ್ನು ಕಂಡವನು ಇವನೊಬ್ಬನೇ. ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತೆ. "ನಂಜಾ, ಆ ಪತ್ರಿಕೆಯವನು ನಾನೇ" ಎಂದೆ. ಕೂತಲ್ಲೇ ಎಲ್ಲವನ್ನೂ ಹೇಳಿದೆ. ಎಂಟು ಪುಟ, ಅವನ ಹೆಸರು, ಕೊನೆಯ ಪ್ರಶ್ನೆ, ಯಾವುದನ್ನೂ ಬಿಡಲಿಲ್ಲ. ಹೇಳುವಾಗ ಅವನ ಮುಖ ನೋಡಲಾರದೆ ಅವನ ಕಾಲಿನ ಹಳೆಯ ಬೂಟ್ಸು ನೋಡುತ್ತಿದ್ದೆ.

ಇನ್ನು ಆ ಬೂಟ್ಸು ತಿರುಗಿ ಹೊರಟುಬಿಡುತ್ತದೆ ಎಂದುಕೊಂಡೆ.

"ಅಚ್ಚಾಯಿತಾ?" ಎಂದ ಕೊನೆಗೆ.

"ಇಲ್ಲ."

"ಅಪ್ಪನ ಸಾವಿನಲ್ಲಿ ನೀ ಎಲ್ಲಾ ಕೇಳಿದೆಯಲ್ಲ. 'ಇಲ್ಲದ್ದ ಇದೆ ಎಂದ' ಅನ್ನೋದ ಕೇಳಿದೆಯಾ?"

"ಕೇಳಿದೆ."

"ನಾನೂ ಕೇಳಿದೆ. ಅಪ್ಪ ಹಾಗೆ ಹೇಳೋವ ಅಲ್ಲ. ಹಿಂದಿನವರದೋ, ಮುಂದಿನವರದೋ, ಯಾರದೋ ಇರಬೇಕು ಅಂತ ನಾನೂ 'ಅದು ಪಾಪ' ಅಂದೆ." ಅವನು ನನ್ನ ಪಕ್ಕ ಬಂದು ಕಲ್ಲಿನ ಮೇಲೆ ಕೂತ. "ನಿನ್ನದಾ ಅದು? ಹೋಗಲಿ ಬಿಡು ಅಣ್ಣ. ಅವತ್ತೇ ಹೋತು. ಅಪ್ಪನ ಕರು ಹೊತ್ತುಕೊಂಡು ಹೋತು. ನೀ ಯಾಕೆ ಇಷ್ಟು ವರುಷ ಹೊತ್ತುಕೊಂಡಿದ್ದೆ?"

ಯಾರ ತಲೆಗೆ ಕೊಲೆ ಕಟ್ಟಲು ಹೊರಟಿದ್ದೆನೋ, ಅವರ ಕರುವೇ ನನ್ನ ಸುಳ್ಳನ್ನೂ ಹೊತ್ತುಕೊಂಡು ಹೋಗಿತ್ತು. ನಾನು ನಕ್ಕೆನೋ ಅತ್ತೆನೋ ನನಗೆ ನೆನಪಿಲ್ಲ. ದಾರಿಹೋಕರು ತಿರುಗಿ ನೋಡಿದ್ದು ನೆನಪಿದೆ. ಎದೆಯ ಮೇಲಿನ ಮೂಟೆಯನ್ನು ಯಾರೋ ಇಳಿಸಿಕೊಂಡಂತಾಯಿತು. ಮಂಡಿಯವನಿಗೆ ಮೂಟೆಯ ಭಾರ ಗೊತ್ತು.

ನಿನ್ನೆ ಭಾನುವಾರ ಅವನ ಹಟ್ಟಿಗೆ ಹೋಗಿದ್ದೆ. ಎಂದಿನಂತೆ ಚಾಪೆ ಹಾಸಿದ. ಈ ಸಲ ಗೋಡೆಗೆ ಮುಖ ಮಾಡಿಯೇ ಕೂತೆ. ತುಣುಕು ಹೊಗೆಗೆ ಕಂದಾಗಿದೆ, ಅಂಚು ಸುರುಳಿಯಾಗಿದೆ, ಆದರೆ ಅಕ್ಷರ ಹಾಗೇ ಇದೆ. ಕನ್ನಡಕ ತೆಗೆದು ಹಾಕಿಕೊಂಡೆ. ಈಗ ನಿಜವಾಗಿಯೂ ಇದೆ. ಮಾದಗೌಡರು ತಮ್ಮ ಜಗುಲಿಯಲ್ಲಿ ದಾರಿಹೋಕರಿಗೆ ಮಲಗಲು ಜಾಗ ಕೊಡುತ್ತಿದ್ದರು, ಬಂದವರಿಗೆ ಮೊದಲು ಊಟ ಹಾಕಿ ಆಮೇಲೆ ಮಾತಾಡಿಸುತ್ತಿದ್ದರು, ದಾರಿ ಕೇಳಿದವರಿಗೆ ಸರಿಯಾದ ದಾರಿ ತೋರಿಸುತ್ತಿದ್ದರು. ಓದಿದೆ. ಮಾದಗೌಡರ ಮೊಮ್ಮಕ್ಕಳೆಲ್ಲ ಸುತ್ತ ಕೂತು ಕೇಳಿದರು.

"ಇಷ್ಟೇನಾ?" ಎಂದ ನಂಜ.

"ಇಷ್ಟೇ."

"ಇನ್ನೊಮ್ಮೆ ಓದು" ಎಂದ. ಇನ್ನೊಮ್ಮೆ ಓದಿದೆ.